ಚಿತ್ರದುರ್ಗದಲ್ಲಿ ಕುಳಿತು ಜ್ವಾಲಾಮುಖಿಯ ನಡುಕವನ್ನು ಓದುವುದು ಹೇಗೆ?

ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೊರಟರೆ ಐಮಂಗಲದ ಆಸುಪಾಸಿನಲ್ಲಿ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ಬಂಡೆಗಳು ಒಂದರ ಮೇಲೊಂದು ಒಟ್ಟಿದ ದಿಂಬುಗಳಂತೆ ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ, ತಣ್ಣೀರು ತಗುಲಿದೊಡನೆ ಹೊರಗೆ ಸಿಪ್ಪೆ ಕಟ್ಟಿತು. ಒಳಗಿನ ಬಿಸಿ ಸಿಪ್ಪೆಯನ್ನು ಸೀಳಿ ಇನ್ನೊಂದು ಉಂಡೆಯಾಗಿ ಹೊರಬಂದಿತು, ಅದರ ಮೇಲೆ ಮತ್ತೊಂದು ಕೂತಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹಾಗಾಗಿ ನಮ್ಮ ಜಿಲ್ಲೆಗೆ ಜ್ವಾಲಾಮುಖಿ ಹೊಸ ನೆಂಟನೇನಲ್ಲ. ಅದು ಬಂದು ಹೋದಾಗ ನಾವು ಇರಲಿಲ್ಲ, ಅಷ್ಟೇ.

ಈಗ ಉರಿಯುತ್ತಿರುವ ಜ್ವಾಲಾಮುಖಿಯನ್ನು ಗಮನಿಸಲು ಅದರ ಬುಡಕ್ಕೆ ಹೋಗಬೇಕಾಗಿಲ್ಲ. ಬೆಟ್ಟದ ಮೇಲೆ ಹುಗಿದ ಕಂಪನಮಾಪಕಗಳ ರೇಖೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಒಂದು ಮೊಬೈಲ್ ಸಾಕು, ಕಂಪ್ಯೂಟರ್ ಇದ್ದರೆ ಲೇಸು. ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಬೇಕು. ಕೆಲವು ವರ್ಷಗಳಿಂದ ನಾನು ಬೆಳಗಿನ ಕಾಫಿಯ ಜೊತೆ ಮಾಡುತ್ತಿರುವ ಕೆಲಸ ಇದು. ಅದರಲ್ಲಿ ನಾನು ಎಡವಿದ ಜಾಗಗಳನ್ನೂ ಸೇರಿಸಿ ಕ್ರಮವಾಗಿ ಹೇಳುತ್ತೇನೆ.

ಒಂದೇ ಬೆಟ್ಟವನ್ನು ಆರಿಸಿಕೊಳ್ಳಿ

ಹೊಸಬರು ಮಾಡುವ ಮೊದಲ ತಪ್ಪೆಂದರೆ ಜಗತ್ತಿನ ಎಲ್ಲ ಜ್ವಾಲಾಮುಖಿಗಳ ಹಿಂದೆಯೂ ಓಡುವುದು. ಇವತ್ತು ಎಟ್ನಾ, ನಾಳೆ ಐಸ್‌ಲ್ಯಾಂಡ್, ನಾಡಿದ್ದು ಇಂಡೊನೇಷ್ಯಾ. ಹೀಗೆ ಮಾಡಿದರೆ ಯಾವುದರ ಸಹಜ ನಾಡಿಯೂ ತಿಳಿಯುವುದಿಲ್ಲ. ಸಹಜ ಯಾವುದೆಂದು ಗೊತ್ತಿಲ್ಲದವನಿಗೆ ಪ್ರತಿ ಗೀಟೂ ಅಪಾಯದ ಹಾಗೆಯೇ ಕಾಣುತ್ತದೆ.

ಆರಂಭಕ್ಕೆ ಹವಾಯಿ ದ್ವೀಪದ ಕಿಲಾವೆಯಾ ಒಳ್ಳೆಯದು. 1912ರಲ್ಲಿ ಥಾಮಸ್ ಜಾಗರ್ ಸ್ಥಾಪಿಸಿದ ವೀಕ್ಷಣಾಲಯ ಅದನ್ನು ನೂರು ವರ್ಷಕ್ಕೂ ಮೀರಿ ಕಾಯುತ್ತಿದೆ. ಈಗ ಅದು ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ ಅಡಿಯಲ್ಲಿದೆ. ಕಂಪನದ ರೇಖೆ, ನೆಲದ ಓರೆ, ಕ್ಯಾಮೆರಾ, ಅಧಿಕೃತ ವರದಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಜೊತೆಗೆ 2024ರ ಡಿಸೆಂಬರ್ 23ರಂದು ಅದರ ನೆತ್ತಿಯ ಹಲೆಮಾಉಮಾಉ ಕುಳಿಯಲ್ಲಿ ಶುರುವಾದ ಸ್ಫೋಟ ಕಂತುಕಂತಾಗಿ ನಡೆದಿದೆ: ಒಂದಿಷ್ಟು ಹೊತ್ತು ಲಾವಾ ಕಾರಂಜಿ, ಮತ್ತೆ ವಿರಾಮ, ಮತ್ತೆ ಕಾರಂಜಿ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಒಂದೇ ಪ್ರಶ್ನೆಯನ್ನು ಮೇಷ್ಟ್ರು ಮತ್ತೆ ಮತ್ತೆ ಕೇಳಿದ ಹಾಗೆ.

ನಮ್ಮದೇ ದೇಶದ ಬ್ಯಾರೆನ್ ದ್ವೀಪ ಯಾಕೆ ಬೇಡ ಎಂದು ಕೇಳುವಿರಿ. ಅಂಡಮಾನ್ ಸಮುದ್ರದಲ್ಲಿ, ಪೋರ್ಟ್‌ ಬ್ಲೇರ್‌ನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ಇರುವ ಅದು ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಮಲಗಿದ್ದು 1991ರಲ್ಲಿ ಎದ್ದಿತು, ಆಮೇಲೆ ಹಲವು ಸಲ ಹೊಗೆ ಕಾರಿದೆ. ಆದರೆ ಅಲ್ಲಿ ಜನವಸತಿ ಇಲ್ಲ, ದಿನವೂ ಕೂತು ಓದಲು ಸಾಮಾನ್ಯರಿಗೆ ಅಷ್ಟು ಸಾಮಗ್ರಿ ಸಿಗುವುದಿಲ್ಲ. ಅಭಿಮಾನಕ್ಕೆ ಬ್ಯಾರೆನ್, ಅಭ್ಯಾಸಕ್ಕೆ ಕಿಲಾವೆಯಾ ಎಂದುಕೊಳ್ಳಿ. ಬ್ಯಾರೆನ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಗಡಿಯಾರ ಸರಿ ಮಾಡಿಕೊಳ್ಳಿ

ಚಿಕ್ಕ ವಿಷಯ, ಆದರೆ ನಾನು ಇದರಲ್ಲೇ ಒಂದು ವಾರ ಕಳೆದುಕೊಂಡೆ. ಕಂಪನಗಳ ಪಟ್ಟಿಯಲ್ಲಿ ಕಾಲವನ್ನು ಕೆಲವು ಕಡೆ ವಿಶ್ವಕಾಲದಲ್ಲಿಯೂ (ಯುಟಿಸಿ) ಕೆಲವು ಕಡೆ ಸ್ಥಳೀಯ ಕಾಲದಲ್ಲಿಯೂ ಕೊಟ್ಟಿರುತ್ತಾರೆ. ನಮ್ಮ ಗಡಿಯಾರ ವಿಶ್ವಕಾಲಕ್ಕಿಂತ ಐದೂವರೆ ಗಂಟೆ ಮುಂದೆ, ಹವಾಯಿ ಹತ್ತು ಗಂಟೆ ಹಿಂದೆ. ಚಿತ್ರದುರ್ಗದಲ್ಲಿ ಬೆಳಗಿನ 6 ಗಂಟೆಯಾದಾಗ ವಿಶ್ವಕಾಲ ರಾತ್ರಿ 12.30, ಹವಾಯಿಯಲ್ಲಿ ಹಿಂದಿನ ದಿನದ ಮಧ್ಯಾಹ್ನ 2.30. ನೋಟ್‌ಬುಕ್ಕಿನಲ್ಲಿ ವಿಶ್ವಕಾಲವನ್ನು ಮಾತ್ರ ಬರೆಯಿರಿ. ಬೇರೆ ಎರಡನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರಾಯಿತು.

ಉರುಳೆಯ ಗೀಟು ಓದುವುದು

ಮೊದಲು ತೆರೆಯಬೇಕಾದದ್ದು ಹೆಲಿಕಾರ್ಡರ್ ಚಿತ್ರ. ಹಿಂದೆ ಕಾಗದ ಸುತ್ತಿದ ಉರುಳೆ ನಿಧಾನವಾಗಿ ತಿರುಗುತ್ತಿತ್ತು, ಲೇಖನಿ ಅದರ ಮೇಲೆ ಗೀಟೆಳೆಯುತ್ತಿತ್ತು. ಉರುಳೆ ಹೋಯಿತು, ಅದರ ಚಹರೆ ಉಳಿಯಿತು. ಚಿತ್ರವನ್ನು ಪುಸ್ತಕದ ಪುಟದಂತೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಬೇಕು. ಒಂದು ಸಾಲೆಂದರೆ ಸಾಮಾನ್ಯವಾಗಿ ಹದಿನೈದು ನಿಮಿಷ ಅಥವಾ ಅರ್ಧ ಗಂಟೆ, ಇಡೀ ಪುಟ ಒಂದು ದಿನ. ಸಾಲುಗಳ ಬಣ್ಣ ಬದಲಾಗುವುದು ಒಂದರ ಮೇಲೊಂದು ಬಿದ್ದಾಗ ಕಣ್ಣಿಗೆ ತಿಳಿಯಲೆಂದೇ ಹೊರತು ಕೆಂಪೆಂದರೆ ಅಪಾಯ ಎಂದಲ್ಲ. ನನ್ನ ಪರಿಚಿತರೊಬ್ಬರು ಕೆಂಪು ಸಾಲು ಕಂಡಾಗಲೆಲ್ಲ ನನಗೆ ಫೋನ್ ಮಾಡುತ್ತಿದ್ದರು.

ಎರಡು ಕೇಂದ್ರಗಳನ್ನು ಆರಿಸಿಕೊಳ್ಳಿ. ಒಂದು ಕುಳಿಯ ಅಂಚಿನಲ್ಲಿರಲಿ, ಕಿಲಾವೆಯಾದಲ್ಲಾದರೆ ಉವೆಕಹೂನಾ ಬಂಡೆಯ ಮೇಲಿನದು. ಇನ್ನೊಂದು ಹಲವು ಕಿಲೋಮೀಟರ್ ದೂರದ್ದಾಗಿರಲಿ. ಎರಡು ವಾರ ಬರಿದೇ ನೋಡಿ. ತೀರ್ಮಾನ ಬೇಡ, ಗೆಳೆಯರಿಗೆ ಸಂದೇಶ ಬೇಡ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಚಿತ್ರವನ್ನು ತೆರೆದು ಸಾಲುಗಳ ದಪ್ಪ ಎಷ್ಟಿದೆ, ದಿನಕ್ಕೆ ಎಷ್ಟು ಚೂಪಾದ ಮುಳ್ಳುಗಳಿವೆ ಎಂದು ಬರೆದಿಟ್ಟುಕೊಳ್ಳಿ. ಚಿತ್ರದ ಅಳತೆಪಟ್ಟಿ ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗಿರುತ್ತದೆ ಎಂಬುದೂ ನೆನಪಿರಲಿ. ಸೂಕ್ಷ್ಮವಾಗಿ ಇಟ್ಟ ಚಿತ್ರದಲ್ಲಿ ಇರುವೆಯೂ ಆನೆಯಂತೆ ಕಾಣುತ್ತದೆ.

ಆಕಾರಗಳ ಪರಿಚಯ

ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಇಡೀ ವಿದ್ಯೆಯ ಹೂರಣ ಇದೇ. ಎಷ್ಟು ಕಂಪನಗಳಾದವು ಎಂದು ಎಲ್ಲರೂ ಎಣಿಸುತ್ತಾರೆ. ಯಾವ ಬಗೆಯ ಕಂಪನ ಎಂದು ಕೇಳುವವರು ಕಡಿಮೆ.

ಮೊದಲನೆಯದು ಬಂಡೆ ಬಿರಿಯುವ ಕಂಪನ. ಪರಿಣತರು ಇದನ್ನು ವಿಟಿ ಎನ್ನುತ್ತಾರೆ. ಶಿಲಾಪಾಕ, ಅಂದರೆ ನೆಲದೊಳಗೆ ಕರಗಿದ ಕಲ್ಲು, ಮೇಲೇರಲು ದಾರಿ ಮಾಡಿಕೊಳ್ಳುವಾಗ ಸುತ್ತಲಿನ ಗಟ್ಟಿ ಕಲ್ಲು ಒತ್ತಡ ತಾಳದೆ ಸೀಳುತ್ತದೆ. ಕಲ್ಲುಕ್ವಾರಿಯಲ್ಲಿ ಉಳಿ ಹೊಡೆದು ಬೆಣೆ ಬಿಗಿದಾಗ ಚಪ್ಪಡಿ ಫಟ್ಟೆಂದು ಬಿಡುತ್ತದಲ್ಲ, ಹಾಗೆ. ಗೀಟಿನಲ್ಲಿ ಆರಂಭ ಸೂಜಿಯಂತೆ ಚೂಪು, ಆಮೇಲೆ ಬೇಗ ಇಳಿಯುತ್ತದೆ. ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬ ಲೆಕ್ಕ (ಹರ್ಟ್ಸ್), ಹೆಚ್ಚು; ಐದು ಹರ್ಟ್ಸ್‌ಗಿಂತ ಮೇಲೆಯೇ ಅದರ ಬಲ. ಮೊದಲು ವೇಗದ ಪಿ ಅಲೆ, ಹಿಂದೆಯೇ ನಿಧಾನದ ಎಸ್ ಅಲೆ, ಎರಡೂ ಸ್ಪಷ್ಟವಾಗಿ ಬೇರೆಬೇರೆಯಾಗಿ ಕಾಣುತ್ತವೆ. ಇವೆರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಕಂಪನದ ಮೂಲ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಎರಡು ಸೆಕೆಂಡಿನ ಅಂತರವಾದರೆ ಸುಮಾರು ಹದಿನಾರು ಕಿಲೋಮೀಟರ್. ಕುಳಿಯಂಚಿನ ಕೇಂದ್ರದಲ್ಲಿ ಅಂತರ ಒಂದು ಸೆಕೆಂಡಿಗಿಂತ ಕಡಿಮೆ ಇದ್ದರೆ ಸಂಗತಿ ಕಾಲ ಬುಡದಲ್ಲೇ ನಡೆದಿದೆ ಎಂದರ್ಥ. ಅಂತರ ನಿಮಿಷಗಟ್ಟಲೆ ಇದ್ದರೆ ಅದು ನಿಮ್ಮ ಬೆಟ್ಟದ್ದಲ್ಲ, ದೂರದ ಯಾವುದೋ ದೇಶದ ಭೂಕಂಪ.

ಎರಡನೆಯದು ದೀರ್ಘಾವಧಿ ಕಂಪನ, ಎಲ್‌ಪಿ. ಇದರ ಆರಂಭ ಮೊಂಡು, ಎಸ್ ಅಲೆ ಎದ್ದು ಕಾಣುವುದಿಲ್ಲ. ಅರ್ಧ ಹರ್ಟ್ಸ್‌ನಿಂದ ಐದು ಹರ್ಟ್ಸ್‌ನೊಳಗೆ ನಿಧಾನವಾಗಿ ತೂಗಿ ತಣ್ಣಗಾಗುತ್ತದೆ. ಇಲ್ಲಿ ಕಲ್ಲು ಒಡೆಯುತ್ತಿಲ್ಲ. ಬಿರುಕಿನೊಳಗೆ ತುಂಬಿದ ಅನಿಲವೋ ಹಬೆಯೋ ಶಿಲಾಪಾಕವೋ ಒತ್ತಡ ತಟ್ಟಿದಾಗ ಅನುರಣಿಸುತ್ತದೆ. ಖಾಲಿ ಸೀಸೆಯ ಬಾಯಿಗೆ ಊದಿದಾಗ ಬರುವ ಸದ್ದನ್ನು ನೆನೆಯಿರಿ. ಕೊಲಂಬಿಯಾದ ಗಲೆರಾಸ್ ಪರ್ವತದಲ್ಲಿ ಇಂಥ ಕಂಪನಗಳ ಬಾಲ ಎಷ್ಟು ಉದ್ದಕ್ಕೆ, ಎಷ್ಟು ಒಪ್ಪವಾಗಿ ಸಪೂರವಾಗುತ್ತಿತ್ತೆಂದರೆ ಅವುಗಳಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ತಿರುಪುಮೊಳೆ ಎಂಬರ್ಥದ ಟೊರ್ನಿಯೊ ಎಂಬ ಹೆಸರೇ ಬಂತು. 1993ರ ಜನವರಿ 14ರಂದು ಆ ಕುಳಿಯೊಳಗೆ ಇಳಿದಿದ್ದವರ ಮೇಲೆ ಗಲೆರಾಸ್ ಸಿಡಿದು ಒಂಬತ್ತು ಮಂದಿ ಸತ್ತರು, ಅವರಲ್ಲಿ ಆರು ಮಂದಿ ವಿಜ್ಞಾನಿಗಳು. ಸ್ಫೋಟಕ್ಕೆ ಮೊದಲಿನ ದಿನಗಳಲ್ಲಿ ಈ ತಿರುಪುಮೊಳೆಗಳು ದಾಖಲಾಗಿದ್ದವು. ಆದರೆ ಆಗ ಅವು ಎಣಿಕೆಯಲ್ಲಿ ಕೆಲವೇ ಆಗಿದ್ದವು. ಬಗೆಯನ್ನು ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಚೂಪಾಗಿ ಹುಟ್ಟಿ ಎಲ್‌ಪಿಯಂತೆ ತೂಗುವ ಮಿಶ್ರತಳಿಗಳೂ ಇವೆ, ಅವುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಮೂರನೆಯದು ನಿರಂತರ ನಡುಕ, ಟ್ರೆಮರ್. ಇದಕ್ಕೆ ಆದಿ ಅಂತ್ಯ ಗುರುತಿಸುವುದೇ ಕಷ್ಟ. ಸಾಲು ದಪ್ಪವಾಗುತ್ತದೆ, ನಿಮಿಷಗಳಿಂದ ದಿನಗಳವರೆಗೆ ದಪ್ಪವಾಗಿಯೇ ಉಳಿಯುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಒಮ್ಮೆ ಹೋಗಿ ನಿಂತರೆ ಇದು ಪುಸ್ತಕವಿಲ್ಲದೆ ಅರ್ಥವಾಗುತ್ತದೆ. ಕಾದ ಮರಳಿಗೆ ಅಕ್ಕಿ ಬಿದ್ದಾಗ ಮೊದಲು ಒಂದು ಚಟ್, ಇನ್ನೊಂದು ಚಟ್, ಬೇಕಾದರೆ ಬೆರಳೆಣಿಸಬಹುದು. ಸ್ವಲ್ಪ ಹೊತ್ತಿನಲ್ಲಿ ಎಣಿಕೆ ತಪ್ಪುತ್ತದೆ, ಆಮೇಲೆ ಇಡೀ ಬಾಣಲೆ ಒಂದೇ ಮೊರೆತವಾಗುತ್ತದೆ. ಅಲಾಸ್ಕಾದ ರಿಡೌಟ್ ಜ್ವಾಲಾಮುಖಿಯಲ್ಲಿ 2009ರಲ್ಲಿ ಹೀಗೆಯೇ ಆಯಿತು. ಬಿಡಿಬಿಡಿ ಪುಟ್ಟ ಕಂಪನಗಳು ಹತ್ತಿರ ಹತ್ತಿರವಾಗುತ್ತಾ ಬಂದು ಕೊನೆಗೆ ಒಂದು ಏಕಸ್ವರವಾದವು, ಸ್ವರ ಏರುತ್ತಾ ಹೋಗಿ ಸುಮಾರು ಮೂವತ್ತು ಹರ್ಟ್ಸ್ ಮುಟ್ಟಿತು. ವಿಜ್ಞಾನಿಗಳು ಅದನ್ನು ಬೆಟ್ಟದ ಕಿರುಚಾಟ ಎಂದರು. ಕಿಲಾವೆಯಾದಲ್ಲಿ ನೀವು ದಿನನಿತ್ಯ ನೋಡುವ ನಡುಕ ಇಷ್ಟು ನಾಟಕೀಯವಲ್ಲ. ಕಾರಂಜಿ ಚಿಮ್ಮಲು ತೊಡಗಿದಾಗ ಸಾಲು ಊದಿಕೊಳ್ಳುತ್ತದೆ, ನಿಂತಾಗ ಥಟ್ಟನೆ ತೆಳುವಾಗುತ್ತದೆ. ಆ ಇಳಿತವನ್ನು ಮೊದಲ ಬಾರಿ ನನ್ನ ಕಣ್ಣಿನಿಂದಲೇ ಗುರುತಿಸಿ, ಆಮೇಲೆ ಕ್ಯಾಮೆರಾ ತೆರೆದು ಕಾರಂಜಿ ನಿಂತಿರುವುದನ್ನು ಕಂಡ ಬೆಳಿಗ್ಗೆ ಕಾಫಿ ಆರಿ ನೀರಾಗಿತ್ತು.

ಈ ಮೂರನ್ನೂ ಬೇರ್ಪಡಿಸಲು ಉರುಳೆಯ ಜೊತೆಗೆ ಸ್ಪೆಕ್ಟ್ರೋಗ್ರಾಂ ತೆರೆದಿಟ್ಟುಕೊಳ್ಳಿ. ಅದರಲ್ಲಿ ಅಡ್ಡಕ್ಕೆ ಕಾಲ, ಮೇಲಕ್ಕೆ ಆವರ್ತನ, ಬಣ್ಣದಲ್ಲಿ ಬಲ. ವಿಟಿ ನೆಟ್ಟಗೆ ನಿಂತ ಕಡ್ಡಿಯಂತೆ ಕೆಳಗಿನಿಂದ ಮೇಲಿನವರೆಗೂ ಕಾಣುತ್ತದೆ. ಎಲ್‌ಪಿ ಕೆಳಗೇ ಉಳಿದ ಮಚ್ಚೆ. ಟ್ರೆಮರ್ ಮಲಗಿದ ಪಟ್ಟೆ. ಆ ಪಟ್ಟೆ ಸಮಾನ ಅಂತರದ ಹಲವು ಗೆರೆಗಳಾಗಿ ಒಡೆದಿದ್ದರೆ ಅದು ಸ್ವರಬದ್ಧ ನಡುಕ, ತಂಬೂರಿಯ ತಂತಿಯಲ್ಲಿ ಮೂಲಸ್ವರದ ಮೇಲೆ ಉಪಸ್ವರಗಳು ಏಳುವ ಹಾಗೆ.

ನಕಲಿಗಳನ್ನು ಹೊರಗಿಡಿ

ಬೆಟ್ಟದ ಮೇಲೆ ಹುಗಿದ ಯಂತ್ರ ಬೆಟ್ಟದ ಮಾತನ್ನು ಮಾತ್ರ ಕೇಳುವುದಿಲ್ಲ. ಬಿರುಗಾಳಿ, ಪ್ರವಾಸಿಗರ ಹೆಲಿಕಾಪ್ಟರ್, ಕಡಲಲೆಗಳ ಸದಾಕಾಲದ ಗುನುಗು, ಜಪಾನಿನಲ್ಲೋ ಚಿಲಿಯಲ್ಲೋ ಆದ ದೊಡ್ಡ ಭೂಕಂಪದ ಅಲೆ ಎಲ್ಲವೂ ಅದರ ಕಿವಿಗೆ ಬೀಳುತ್ತವೆ. ನಾನು ಪಾಲಿಸುವ ನಿಯಮ ಸರಳ. ಒಂದೇ ಕೇಂದ್ರದಲ್ಲಿ ಕಂಡದ್ದನ್ನು ನಂಬುವುದಿಲ್ಲ. ಎರಡರಲ್ಲಿ ಕಂಡರೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಮೂರರಲ್ಲಿ, ಕುಳಿಗೆ ಹತ್ತಿರದ್ದರಲ್ಲಿ ದೊಡ್ಡದಾಗಿಯೂ ದೂರದ್ದರಲ್ಲಿ ಚಿಕ್ಕದಾಗಿಯೂ ಕಂಡರೆ ಮಾತ್ರ ಪೆನ್ನು ಎತ್ತುತ್ತೇನೆ. ಎಲ್ಲ ಕೇಂದ್ರಗಳಲ್ಲೂ ಒಂದೇ ಗಾತ್ರದಲ್ಲಿ ಬಂದರೆ ಅದು ದೂರದೇಶದ ಭೂಕಂಪ. ಜಾಗತಿಕ ಪಟ್ಟಿಯಲ್ಲಿ ಹುಡುಕಿದರೆ ಕೆಲವೇ ನಿಮಿಷಗಳಲ್ಲಿ ಅದರ ವಿಳಾಸ ಸಿಕ್ಕೇ ಸಿಗುತ್ತದೆ.

ಎಣಿಸುವುದು, ಎಣಿಕೆಯನ್ನು ಅನುಮಾನಿಸುವುದು

ಈಗ ಎಣಿಸಬಹುದು. ದಿನಕ್ಕೊಂದು ಸಾಲು ಬರೆಯಿರಿ: ವಿಟಿ ಎಷ್ಟು, ಎಲ್‌ಪಿ ಎಷ್ಟು, ಟ್ರೆಮರ್ ಎಷ್ಟು ಗಂಟೆ, ಅತಿ ದೊಡ್ಡದರ ತೀವ್ರತೆ ಎಷ್ಟು, ಆಳ ಎಷ್ಟು. ತೀವ್ರತೆಯ ಒಂದು ಅಂಕಿ ಏರಿದರೆ ಗೀಟಿನ ಎತ್ತರ ಹತ್ತು ಪಟ್ಟು, ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹಾಗಾಗಿ ಎರಡರ ತೀವ್ರತೆಯ ನೂರು ಕಂಪನಗಳನ್ನು ಕೂಡಿಸಿದರೂ ನಾಲ್ಕರ ಒಂದಕ್ಕೆ ಸಾಟಿಯಾಗುವುದಿಲ್ಲ.

ಸಾಮಾನ್ಯ ಭೂಕಂಪದಲ್ಲಿ ದೊಡ್ಡಣ್ಣ ಮೊದಲು ಬಂದು ತಮ್ಮಂದಿರು ಹಿಂಬಾಲಿಸುತ್ತಾರೆ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದ ನಂತರ ಆದದ್ದು ಹಾಗೆ. ಜ್ವಾಲಾಮುಖಿಯಲ್ಲಿ ಹೆಚ್ಚಾಗಿ ಹಿಂಡು ಬರುತ್ತದೆ, ಅದರಲ್ಲಿ ಯಜಮಾನ ಇರುವುದಿಲ್ಲ. ಹಿಂಡು ಎಲ್ಲಿಂದ ಎಲ್ಲಿಗೆ ಸರಿಯುತ್ತಿದೆ, ಆಳ ಕಡಿಮೆಯಾಗುತ್ತಿದೆಯೇ ಎಂಬುದನ್ನು ನೋಡಬೇಕು. 2018ರ ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಕಿಲಾವೆಯಾದ ಕಂಪನಗಳು ಪೂರ್ವದ ಬಿರುಕು ವಲಯದುದ್ದಕ್ಕೆ ಕೆಳಗೆ ಸರಿದವು, ಕೊನೆಗೆ ಲಾವಾ ಜನರ ಅಂಗಳಗಳಲ್ಲಿ ಎದ್ದಿತು. ಮೇ 4ರಂದು 6.9 ತೀವ್ರತೆಯ ಭೂಕಂಪವಾಯಿತು. ಇತ್ತ ಶಿಲಾಪಾಕ ಖಾಲಿಯಾದ ನೆತ್ತಿ ಕಂತುಕಂತಾಗಿ 62 ಸಲ ಕುಸಿಯಿತು. ವೀಕ್ಷಣಾಲಯದ ಹಳೆಯ ಕಟ್ಟಡವೇ ಬಿರುಕು ಬಿಟ್ಟು ವಿಜ್ಞಾನಿಗಳು ಗಂಟುಮೂಟೆ ಕಟ್ಟಬೇಕಾಯಿತು.

ಬೆಟ್ಟ ಬಹಳ ಗದ್ದಲದಲ್ಲಿದ್ದಾಗ ಬಿಡಿ ಕಂಪನ ಎಣಿಸಲು ಸಾಧ್ಯವಾಗುವುದಿಲ್ಲ. ಆಗ ಹತ್ತು ನಿಮಿಷದ ಗೀಟಿನ ಸರಾಸರಿ ಎತ್ತರವನ್ನು ಮಾತ್ರ ಅಳೆಯುತ್ತಾರೆ, ಇದಕ್ಕೆ ಆರ್‌ಸ್ಯಾಮ್ ಎಂಬ ಹೆಸರಿದೆ. ಫಿಲಿಪ್ಪೀನ್ಸ್‌ನ ಪಿನಟುಬೊದಲ್ಲಿ 1991ರಲ್ಲಿ ಇದು ಬಹಳ ಉಪಯೋಗಕ್ಕೆ ಬಂತು. ಅಲ್ಲಿ ಏಪ್ರಿಲ್ 2ರಂದು ಹಬೆಯ ಸ್ಫೋಟವಾದ ಮೇಲೆ ತಜ್ಞರು ತರಾತುರಿಯಲ್ಲಿ ಮಾಪಕಗಳನ್ನು ನೆಟ್ಟರು. ಸ್ಥಳೀಯ ವಿಜ್ಞಾನಿಗಳ ಜೊತೆ ಅಮೆರಿಕದ ತಂಡವೂ ಸೇರಿತು. ಕಂಪನಗಳ ಬಗೆ ಬದಲಾಗುವುದನ್ನು, ಅನಿಲದ ಏರಿಳಿತವನ್ನು, ಆರ್‌ಸ್ಯಾಮ್ ಏರುವುದನ್ನು ಒಟ್ಟಿಗೆ ಓದಿ ಸಾವಿರಾರು ಜನರನ್ನು ಮೊದಲೇ ಕಳುಹಿಸಿದರು. ಜೂನ್ 15ರಂದು ಬೆಟ್ಟ ಸಿಡಿಯಿತು. 20ನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ ಅದು.

ಆದರೆ ಈ ಕಥೆಯನ್ನು ಮಾತ್ರ ಓದಿಕೊಂಡು ಬೀಗಬೇಡಿ. ಜಪಾನಿನ ಓಂಟಾಕೆಯಲ್ಲಿ 2014ರ ಸೆಪ್ಟೆಂಬರ್ 10ರಂದು 52, ಮರುದಿನ 85 ಕಂಪನಗಳಾದವು, ಆಮೇಲೆ ಕಡಿಮೆಯಾದವು. ಎಚ್ಚರಿಕೆ ಮಟ್ಟ ಕೆಳಗಿನ ಒಂದರಲ್ಲೇ ಇತ್ತು. 27ರ ಶನಿವಾರ, ಬೆಟ್ಟ ಹತ್ತುವವರು ತುಂಬಿದ್ದ ದಿನ, 11.41ಕ್ಕೆ ಟ್ರೆಮರ್ ಶುರುವಾಯಿತು. ಹನ್ನೊಂದೇ ನಿಮಿಷದಲ್ಲಿ ಹಬೆಯ ಸ್ಫೋಟ. ಸತ್ತವರು ಮತ್ತು ಕಾಣೆಯಾದವರು 63 ಮಂದಿ. ತಿರುಗಿಸಿ ನೋಡಿದರೆ ಗ್ರೀಸಿನ ಸ್ಯಾಂಟೊರಿನಿ ಇದೆ: 2025ರ ಆರಂಭದಲ್ಲಿ ಸಾವಿರಾರು ಕಂಪನಗಳು, ತೀವ್ರತೆ ಐದು ದಾಟಿದ್ದೂ ಉಂಟು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು, ಆದರೆ ಲಾವಾ ಹೊರಬರಲೇ ಇಲ್ಲ. ಐಸ್‌ಲ್ಯಾಂಡಿನ ಫಾಗ್ರಡಾಲ್ಸ್‌ಫ್ಯಾಲ್‌ನಲ್ಲಿ 2021ರಲ್ಲಿ ವಾರಗಟ್ಟಲೆ ಹತ್ತಾರು ಸಾವಿರ ಕಂಪನಗಳಾಗಿ, ಅವು ಕಡಿಮೆಯಾದವು ಎನ್ನುವಷ್ಟರಲ್ಲಿ ಮಾರ್ಚ್ 19ರ ರಾತ್ರಿ ಲಾವಾ ಬಂತು. ನಿಮ್ಮ ನೋಟ್‌ಬುಕ್ಕಿನ ಅಂಕಿ ಇಳಿದಾಗ ಪಕ್ಕದಲ್ಲಿ ‘ತಣ್ಣಗಾಯಿತು’ ಎಂದು ಬರೆಯಬೇಡಿ. ‘ಅಂಕಿ ಇಳಿಯಿತು’ ಎಂದಷ್ಟೇ ಬರೆಯಿರಿ.

ಓರೆಯನ್ನೂ ನೋಡಿ

ಕಂಪನದ ಜೊತೆ ನೆಲದ ಓರೆಮಾಪಕದ ರೇಖೆಯನ್ನು ಅದೇ ಕಾಲಕ್ಕೆ ಸರಿಯಾಗಿ ಕೆಳಗೆ ಇಟ್ಟುಕೊಳ್ಳಿ. ಶಿಲಾಪಾಕ ತುಂಬಿದಂತೆ ನೆತ್ತಿ ಪೂರಿಯಂತೆ ಉಬ್ಬುತ್ತದೆ, ಹೊರಬಿದ್ದಾಗ ಇಳಿಯುತ್ತದೆ. ಕಿಲಾವೆಯಾದ ಈಗಿನ ಕಂತುಗಳಲ್ಲಿ ಓರೆಯ ರೇಖೆ ದಿನಗಟ್ಟಲೆ ಏರಿ, ಕಾರಂಜಿ ಶುರುವಾದೊಡನೆ ಕಡಿದು ಕೆಳಗಿಳಿಯುತ್ತದೆ. ಅದೇ ಕ್ಷಣದಲ್ಲಿ ಟ್ರೆಮರ್ ಏರುತ್ತದೆ. ಒಂದು ರೇಖೆ ಮೇಲೆ, ಒಂದು ಕೆಳಗೆ. ಈ ಜೋಡಿಯನ್ನು ನಾಲ್ಕು ಸಲ ನೋಡಿದರೆ ಮತ್ತೆ ಮರೆಯುವುದಿಲ್ಲ.

ಚಿತ್ರಗಳಿಂದ ತೃಪ್ತಿಯಾಗದವರು ಕಂಪ್ಯೂಟರಿನಲ್ಲಿ ಯುಎಸ್‌ಜಿಎಸ್‌ನವರ ಸ್ವಾರ್ಮ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬಹುದು. ಗೀಟನ್ನು ಹಿಗ್ಗಿಸಿ ಪಿ, ಎಸ್ ಅಲೆಗಳ ಮೇಲೆ ಗುರುತು ಹಾಕಲು ಅದು ಸಾಕು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಆಬ್ಸ್‌ಪೈ ಎಂಬ ಸಂಗ್ರಹವನ್ನು ತೋರಿಸಿ, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಮನೆಯಲ್ಲೊಂದು ಮಾಪಕ

ಇದು ಕಡ್ಡಾಯವಲ್ಲ, ಖರ್ಚಿನ ಬಾಬತ್ತು. ಆದರೆ ಬೇರೆಯವರ ಬೆಟ್ಟದ ಸದ್ದು ಓದುವ ಮೊದಲು ನಮ್ಮ ನೆಲದ ಸದ್ದು ಕೇಳಿಸಿಕೊಂಡವನ ಕಣ್ಣು ಬೇರೆಯೇ ಆಗುತ್ತದೆ. ರಾಸ್ಪ್‌ಬೆರಿ ಶೇಕ್ ಎಂಬ ಪುಟ್ಟ ಯಂತ್ರ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ಅಂಗೈಯಗಲದ ಕಂಪ್ಯೂಟರಿನ ಮೇಲೆ ನೆಲದ ಅಲುಗಾಟ ಹಿಡಿಯುವ ಒಂದು ಜಿಯೋಫೋನ್, ಸೆಕೆಂಡಿಗೆ ನೂರು ಸಲ ಅಳತೆ.

ಜಾಗ ಮುಖ್ಯ. ಮಹಡಿಯ ಮೇಲೆ ಬೇಡ, ಕಟ್ಟಡ ತಾನೇ ತೂಗುತ್ತದೆ. ನೆಲಮಾಳಿಗೆಯ ಅಥವಾ ಕೆಳಮನೆಯ ಮೂಲೆ ಒಳ್ಳೆಯದು, ಹಾಸುಬಂಡೆಯ ಮೇಲೆ ನೇರವಾಗಿ ಕೂರಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಕೋಟೆಯ ಊರಿನಲ್ಲಿ ಬಂಡೆಗೆ ಬರವಿಲ್ಲ. ದಕ್ಷಿಣ ಪ್ರಸ್ಥಭೂಮಿಯ ಈ ಹಳೆಯ ಗಟ್ಟಿ ನೆಲ ದೂರದ ಅಲೆಗಳನ್ನು ಚೆನ್ನಾಗಿ ತಲುಪಿಸುತ್ತದೆ. 1960ರ ದಶಕದಲ್ಲಿ ಗೌರಿಬಿದನೂರಿನ ಬಳಿ ಕಂಪನಮಾಪಕಗಳ ಸಾಲನ್ನು ನೆಟ್ಟು, ದೂರದೇಶಗಳ ಅಣುಸ್ಫೋಟಗಳನ್ನು ಕೇಳಿಸಿಕೊಂಡದ್ದು ಇಂಥ ನೆಲದ ಮೇಲೆಯೇ. ಯಂತ್ರವನ್ನು ಮಟ್ಟಗೋಲಿಟ್ಟು ಸಮ ಮಾಡಿ, ಗಾಳಿ ತಾಗದಂತೆ ಡಬ್ಬಿ ಮುಚ್ಚಿ, ಕರೆಂಟು ಹೋದಾಗಲೂ ನಡೆಯುವಂತೆ ಬ್ಯಾಟರಿ ಜೋಡಿಸಿ. ಕಾಲವನ್ನು ಅಂತರ್ಜಾಲದಿಂದ ಸರಿಪಡಿಸಿಕೊಳ್ಳುವಂತೆ ಇಡಿ.

ಮೊದಲ ತಿಂಗಳು ಊರನ್ನು ಕಲಿಯಿರಿ. ಹೆದ್ದಾರಿಯ ಲಾರಿಗಳು ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ಇಳಿಯುತ್ತವೆ. ರೈಲು ಹೋಗಲು ನಿಮಿಷಗಳು ಬೇಕು. ಹಿಟ್ಟಿನ ಗಿರಣಿಯ ನಿಮಿಷಕ್ಕೆ 1,440 ಸುತ್ತಿನ ಮೋಟಾರು 24 ಹರ್ಟ್ಸ್‌ನಲ್ಲಿ ಒಂದು ನೇರ ಗೆರೆ. ನಡುರಾತ್ರಿ ತ್ರೀಫೇಸ್ ಕರೆಂಟು ಬಂದಾಗ ತೋಟಗಳ ಪಂಪುಗಳು ಒಟ್ಟಿಗೆ ಏಳುವುದನ್ನು ಸ್ಪೆಕ್ಟ್ರೋಗ್ರಾಂನಲ್ಲಿ ನೋಡಬಹುದು. ಕ್ವಾರಿಯ ಸಿಡಿತ ಪಕ್ಕಾ ವಿಟಿಯಂತೆ ಕಾಣುತ್ತದೆ, ಆದರೆ ಅದು ಹಗಲಿನಲ್ಲಿ, ಸುಮಾರಾಗಿ ಅದೇ ಹೊತ್ತಿಗೆ ಬರುತ್ತದೆ. ಭೂಮಿಗೆ ಊಟದ ವೇಳೆಯ ಹಂಗಿಲ್ಲ. ಗಣಪತಿ ವಿಸರ್ಜನೆಯ ಮೆರವಣಿಗೆಯ ದಿನ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ನಾನು ಬೇಸ್ತು ಬಿದ್ದದ್ದು ಆಷಾಢದ ಒಂದು ರಾತ್ರಿ. ಕೆಳಗಿನ ಆವರ್ತನಗಳಲ್ಲಿ ಸಮಾನ ಅಂತರದ ನಾಲ್ಕಾರು ಗೆರೆಗಳು ಗಂಟೆಗಟ್ಟಲೆ ಅಲುಗಾಡದೆ ನಿಂತಿದ್ದವು. ಪುಸ್ತಕದಲ್ಲಿದ್ದ ಸ್ವರಬದ್ಧ ನಡುಕದ ಚಿತ್ರಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಒಂದು ಕ್ಷಣ ಮರಡಿಹಳ್ಳಿಯ ದಿಂಬುಗಳು ಮತ್ತೆ ಬಿಸಿಯಾದವೇ ಎನ್ನಿಸಿತು. ದಾವಣಗೆರೆಯ ಗೆಳೆಯನನ್ನು ಎಬ್ಬಿಸಿ ಚಿತ್ರ ಕಳುಹಿಸಿದೆ. ಆತ ನಿದ್ದೆಗಣ್ಣಿನಲ್ಲೇ, ‘ಗಾಳಿ ನಿಂತ ಮೇಲೆ ಇನ್ನೊಮ್ಮೆ ನೋಡು’ ಎಂದ. ಬೆಳಗಿನ ಜಾವ ಗಾಳಿ ಬಿದ್ದಿತು, ಗೆರೆಗಳೂ ಹೋದವು. ಗುಡ್ಡಗಳ ಮೇಲಿನ ಗಾಳಿಯಂತ್ರಗಳು! ಮೂರು ರೆಕ್ಕೆಗಳು ಕಂಬದ ಮುಂದೆ ಹಾದುಹೋಗುವ ಲಯ ಕಂಬದ ಬುಡದಿಂದ ಬಂಡೆಗಿಳಿದು, ಅದರ ಉಪಸ್ವರಗಳ ಸಮೇತ ನನ್ನ ಮೂಲೆಗೆ ಬಂದಿತ್ತು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಗಾಳಿಗೂ ಒಂದು ಕಲಂ ಇದೆ.

ಇನ್ನೊಂದು ನಿರಾಸೆಯನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರದಲ್ಲಿ ಕಿಲಾವೆಯಾದ ಪುಟ್ಟ ಕಂಪನ ಎಂದೂ ಕಾಣುವುದಿಲ್ಲ. ದೂರ ಸುಮಾರು 13,000 ಕಿಲೋಮೀಟರ್, ಭೂಗೋಲದ ಮೇಲೆ 119 ಡಿಗ್ರಿ. ಸುಮಾರು 104ರಿಂದ 140 ಡಿಗ್ರಿಗಳ ನಡುವೆ ಭೂಮಿಯ ದ್ರವಗರ್ಭ ನೇರ ಪಿ ಅಲೆಯನ್ನು ಬಾಗಿಸಿ ಬೇರೆಡೆಗೆ ಕಳುಹಿಸುತ್ತದೆ. ಹವಾಯಿಯ ಪಾಲಿಗೆ ಚಿತ್ರದುರ್ಗ ಆ ನೆರಳಿನ ನಡುವೆ ಕೂತಿದೆ.

ಹಂಚಿಕೊಳ್ಳುವ ಮೊದಲು

ವಾಟ್ಸ್‌ಆ್ಯಪ್‌ನಲ್ಲಿ ‘ಜ್ವಾಲಾಮುಖಿ ಸಿಡಿಯಲಿದೆ’ ಎಂದು ಹಾಕುವ ಚಪಲ ಹುಟ್ಟಿದಾಗ ವೀಕ್ಷಣಾಲಯದ ಅಂದಿನ ಅಧಿಕೃತ ಮಟ್ಟ ನೋಡಿ. ಅಮೆರಿಕದ ಪದ್ಧತಿಯಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು. ಜಪಾನಿನಲ್ಲಿ ಒಂದರಿಂದ ಐದು. ಅವರು ಏರಿಸದ ಮಟ್ಟವನ್ನು ನೀವು ಏರಿಸಬೇಡಿ. ನಿಮ್ಮ ಅಂದಾಜನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ತಿಂಗಳ ನಂತರ ತಪ್ಪುಗಳ ಲೆಕ್ಕ ತೆಗೆಯಿರಿ. ನನ್ನ ಮೊದಲ ವರ್ಷದ ಪುಟಗಳನ್ನು ಯಾರಿಗೂ ತೋರಿಸುವುದಿಲ್ಲ.

ಇನ್ನು ಬ್ಯಾರೆನ್. ಚಿತ್ರದುರ್ಗದಿಂದ ಅದು ಸುಮಾರು 1,900 ಕಿಲೋಮೀಟರ್ ಪೂರ್ವಕ್ಕಿದೆ, ನೆರಳಿನ ಕಾಟವಿಲ್ಲ. ಜ್ವಾಲಾಮುಖಿಯ ಪುಟ್ಟ ಕಂಪನಗಳು ಇಷ್ಟು ದೂರ ಬರುವುದಿಲ್ಲ. ಆದರೆ ಆ ಸಮುದ್ರದಲ್ಲಿ ಐದನ್ನು ದಾಟಿದ ಭೂಕಂಪವಾದರೆ, ನಮ್ಮಲ್ಲಿ ಗಾಳಿಯೂ ಗಿರಣಿಯೂ ಮಲಗಿದ್ದರೆ, ಹಿಡಿಯುವ ಅವಕಾಶ ಇದೆ. ರಾಷ್ಟ್ರೀಯ ಭೂಕಂಪ ಅಧ್ಯಯನ ಕೇಂದ್ರದ ‘ಭೂಕಂಪ್’ ಆ್ಯಪ್‌ನಲ್ಲಿ ಅಂಡಮಾನ್ ಸಮುದ್ರದ ಹೆಸರು ಬಂದಾಗ ಅದರಲ್ಲಿರುವ ಕಾಲವನ್ನು ಬರೆದುಕೊಳ್ಳಿ. ಅದಕ್ಕೆ ನಾಲ್ಕು ನಿಮಿಷ ಕೂಡಿಸಿ, ನಿಮ್ಮ ಗೀಟಿನಲ್ಲಿ ಆ ಜಾಗಕ್ಕೆ ಹೋಗಿ, ಹೆಚ್ಚಿನ ಆವರ್ತನಗಳನ್ನು ಸೋಸಿ ತೆಗೆದು ನೋಡಿ. ಅಲ್ಲೊಂದು ಸಣ್ಣ ಉಬ್ಬು ಸಿಕ್ಕರೆ ಇನ್ನೂ ಮೂರು ನಿಮಿಷ ಮುಂದೆ ಹೋಗಿ ಎಸ್ ಅಲೆಯನ್ನು ಹುಡುಕಿ.